ರಕ್ತ ಬೇಡವೆಂದ ಟೀಚರ್

ಗಂಡನ ಬ್ಯಾಂಕ್ ವರ್ಗಾವಣೆಯಿಂದಾಗಿ ದಾವಣಗೆರೆ ಬಿಟ್ಟು ವಡೋದರಕ್ಕೆ ಬಂದವಳು ನಾನು. ಅವರು ನಿವೃತ್ತರಾದ ಮೇಲೂ ಅಲ್ಲಿನ ಒಂದು ಖಾಸಗಿ ಆಸ್ಪತ್ರೆಯ ಹೃದಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಅರಿವಳಿಕೆ ತಜ್ಞೆಯಾಗಿ ಉಳಿದೆ. ಕೋವಿಡ್ ಕಾಲ ಕಳೆದ ಮೇಲೆ ನಡೆದ ಈ ಕೇಸನ್ನು ಬರೆಯಲೋ ಬೇಡವೋ ಎಂದು ಬಹಳ ದಿನ ಒದ್ದಾಡಿದ್ದೇನೆ.

ಶಾಂತಾ ಟೀಚರ್ ಗದಗಿನ ಕಡೆಯ ಕ್ರೈಸ್ತರು. ಊರ ಪಕ್ಕದ ಕೊಯಾಲಿಯ ರಿಫೈನರಿ ಟೌನ್‌ಶಿಪ್ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಗಂಡ ತೀರಿಕೊಂಡಿದ್ದರು, ಇದ್ದವಳು ಕಾಲೇಜು ಓದುವ ಮಗಳು ರೀನಾ ಒಬ್ಬಳೇ. ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಟೀಚರ ಮೈಟ್ರಲ್ ವಾಲ್ವ್, ಅಂದರೆ ಹೃದಯದ ಎಡಭಾಗದ ಕವಾಟ, ಕೆಟ್ಟುಹೋಗಿತ್ತು. ಬದಲಿಸದಿದ್ದರೆ ಉಳಿಯುವಂತಿರಲಿಲ್ಲ. ಆದರೆ ಅವರ ಪಂಗಡದಲ್ಲಿ ಬೇರೆಯವರ ರಕ್ತ ತೆಗೆದುಕೊಳ್ಳುವಂತಿಲ್ಲ. ಮಗಳು ಆ ಪಂಗಡಕ್ಕೆ ಸೇರಿರಲಿಲ್ಲ.

ಇಂಥ ರೋಗಿಗಳನ್ನು ನಾವು ಒಂಟಿಯಾಗಿ ಕೇಳುತ್ತೇವೆ. ಮನೆಯವರು, ಪಂಗಡದವರು ಎಲ್ಲರೂ ಹೊರಗೆ. ಯಾರದೋ ಹೆದರಿಕೆಗೆ ಹೂಂ ಅನ್ನಬಾರದಲ್ಲ! ಕನ್ನಡ ಬರುತ್ತದೆಂದು ಸರ್ಜನ್ ಆ ಕೆಲಸ ನನಗೆ ಒಪ್ಪಿಸಿದರು. ರೀನಾಳನ್ನು ಹೊರಗೆ ಕಳಿಸಿ ಬಾಗಿಲು ಹಾಕಿದೆ.

"ಜೀವ ಹೋಗೋ ಹಾಗಾದ್ರೂ ಬೇಡವಾ?"

"ಬ್ಯಾಡ್ರಿ. ನೀವಾಗಿದ್ರ ಏನ್ ಮಾಡ್ತಿದ್ರಿ?" ಎಂದರು.

"ನಾನಾ? ಮರುಮಾತಿಲ್ಲದೆ ತಗೊಳ್ತಿದ್ದೆ."

ಟೀಚರ್ ನಕ್ಕುಬಿಟ್ಟರು. "ಖರೇ ಹೇಳಿದ್ರಲ್ಲ, ಸಾಕು. ನನಗ ಎಚ್ಚರ ಇಲ್ಲದಾಗ ನಿಮ್ಮನ್ನ ನಂಬತೀನಿ." ರಕ್ತ ಕೊಡುವುದಿಲ್ಲವೆಂದು ಮಾತು ಕೊಟ್ಟೆ.

ಕೆಲವು ವಾರ ಕಬ್ಬಿಣದ ಇಂಜೆಕ್ಷನ್, ರಕ್ತ ಹೆಚ್ಚಿಸುವ ಔಷಧಿ ಕೊಟ್ಟು ಹಿಮೋಗ್ಲೋಬಿನ್ ಏರಿಸಿದೆವು. ಪರೀಕ್ಷೆಗೆಂದು ತೆಗೆಯುವ ರಕ್ತವನ್ನೂ ಮಕ್ಕಳಿಗೆ ಬಳಸುವ ಸಣ್ಣ ಟ್ಯೂಬಿನಲ್ಲೇ ತೆಗೆದೆವು. ಆಪರೇಷನ್ನಿನಲ್ಲಿ ಸೆಲ್ ಸೇವರ್ ಎಂಬ ಯಂತ್ರ ಸೋರಿದ ರಕ್ತವನ್ನು ಹೀರಿ, ತೊಳೆದು, ಅವರ ಮೈಗೇ ವಾಪಸು ಕೊಡುತ್ತಿತ್ತು. ಇದಕ್ಕೆ ಅವರ ಒಪ್ಪಿಗೆಯಿತ್ತು. ಕವಾಟ ಚೆನ್ನಾಗಿ ಕೂತಿತು. ಅಬ್ಬಾ, ಗೆದ್ದೆವು ಅಂದುಕೊಂಡೆ.

ಸಂಜೆಗೆ ಎದೆಯ ಡ್ರೈನ್ ನಳಿಕೆಯಲ್ಲಿ ರಕ್ತ ಇಳಿಯತೊಡಗಿತು. ಮತ್ತೆ ಎದೆ ತೆರೆದು ನಿಲ್ಲಿಸುವಷ್ಟರಲ್ಲಿ ಬಹಳ ಹೋಗಿತ್ತು. ಹನ್ನೆರಡರ ಮೇಲಿದ್ದ ಹಿಮೋಗ್ಲೋಬಿನ್ ಮೂರಕ್ಕೆ ಇಳಿಯಿತು. ವೆಂಟಿಲೇಟರ್‌ನಲ್ಲಿ ಪೂರ್ತಿ ಆಮ್ಲಜನಕ ಕೊಟ್ಟು, ಮೈಗೆ ಆಯಾಸವಾಗದಂತೆ ಗಾಢ ನಿದ್ದೆಯಲ್ಲಿಟ್ಟೆವು. ಇನ್ನು ಉಳಿದಿದ್ದು ಅದೊಂದೇ ದಾರಿ. ರಕ್ತನಿಧಿ ನಮ್ಮದೇ ಕಟ್ಟಡದ ಕೆಳಮಹಡಿಯಲ್ಲಿತ್ತು.

ಐಸಿಯು ಬಾಗಿಲಲ್ಲಿ ರೀನಾ ನನ್ನ ಕೈ ಹಿಡಿದುಕೊಂಡಳು. ಅಮ್ಮ ಕನ್ನಡದಲ್ಲಿ ಕೇಳಿದರೆ ಗುಜರಾತಿಯಲ್ಲಿ ಉತ್ತರ ಕೊಡುತ್ತಿದ್ದ ಹುಡುಗಿ. ಆವತ್ತು ಎಲ್ಲಿಂದಲೋ ಹುಡುಕಿ ತಂದು ಕನ್ನಡ ಆಡಿದಳು.

"ಆಂಟಿ, ಅಮ್ಮ ನಿದ್ದೆ ಮಾಡ್ತಾ ಇದಾಳೆ ನಾ? ಅವಳಿಗೆ ಗೊತ್ತು ಆಗಲ್ಲ. ಕೊಟ್ಟುಬಿಡಿ."

"ಬೇಡ ಅಂತ ಅವರೇ ಹೇಳಿದ್ದಾರೆ, ಪುಟ್ಟಾ."

"ನಿಮಗೆ ಹೇಳಿದ್ದು. ನನಗೆ 'ಏನೂ ಆಗೂದಿಲ್ಲ' ಅಂತ ಮಾತ್ರ ಹೇಳಿದ್ಳು."

ಅವಳ ಪಾಲಿಗೆ ಅಮ್ಮನಿಗೂ ರಕ್ತಕ್ಕೂ ನಡುವೆ ಅಡ್ಡ ನಿಂತವಳು ನಾನೇ, ಇನ್ನಾರೂ ಅಲ್ಲ. ಒಳಗೆ ಹೋಗಿ ಟೀಚರ ಬಿಳಿಚಿದ ಮುಖ ನೋಡಿದೆ. ರಕ್ತನಿಧಿಗೆ ಒಂದು ಫೋನ್ ಮಾಡಿದರೆ ಸಾಕಿತ್ತು. ಮಾಡಲಿಲ್ಲ. ಮಾರನೆಯ ದಿನ ಟೀಚರ್ ಹೋಗಿಬಿಟ್ಟರು.

ದೇಹ ಒಯ್ಯುವ ಮುಂಚೆ ರೀನಾ ನನ್ನ ಬಳಿ ಬಂದಳು. ಅಳುತ್ತಿರಲಿಲ್ಲ. "ಅಮ್ಮ ನಿಜಾನೇ ಹಾಗೆ ಹೇಳಿದ್ಳಾ?" ಎಂದು ಕೇಳಿದಳು. ಹೌದು ಎಂದೆ. ನಂಬಿದಳೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಟೀಚರಿಗೆ ಕೊಟ್ಟ ಮಾತು ಉಳಿಸಿಕೊಂಡೆ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಆ ಹುಡುಗಿಯ ಮುಖ ಕಾರ್ ಓಡಿಸುವಾಗ, ಅಕ್ಕಿ ತೊಳೆಯುವಾಗ, ಹೇಳದೆ ಕೇಳದೆ ನೆನಪಾಗುತ್ತದೆ.

ಈಗಲೂ ರೋಗಿಯನ್ನು ಮೊದಲು ಒಂಟಿಯಾಗಿಯೇ ಕೇಳುತ್ತೇನೆ. ಆಮೇಲೆ ಹೊರಗಿದ್ದವರನ್ನು ಒಳಗೆ ಕರೆದು, ಅದೇ ಮಾತನ್ನು ಅವರೆದುರು ರೋಗಿಯ ಬಾಯಿಂದಲೇ ಹೇಳಿಸುತ್ತೇನೆ. ವೃತ್ತಿ ನನಗೆ ಕಲಿಸಿದ್ದು ಇಷ್ಟೇ. ಮೊನ್ನೆ ಸೂರತ್‌ನ ಉಧ್ನಾದಿಂದ ಬಂದ, ರಕ್ತ ಬೇಡವೆನ್ನುವ ರೋಗಿಯೊಬ್ಬರು ಹೆಂಡತಿಯೆದುರು ಅದನ್ನು ಹೇಳಲು ಒಪ್ಪಲೇ ಇಲ್ಲ. "ಅವಳು ಅಳ್ತಾಳೆ, ಮೇಡಂ" ಎಂದರು.

"ಅಳಲಿ ಬಿಡಿ," ಎಂದೆ. "ಸಮಾಧಾನ ಮಾಡೋಕೆ ನೀವಿದ್ದೀರಲ್ಲ, ಈಗಲೇ ಅಳಲಿ."