ದಪ್ಪ ದನಿಯ ಇಂಜಿನಿಯರು

ರೇಡಿಯೊ ಕಾರ್ಖಾನೆಯ ಫಿಲ್ಟರ್ ಇಂಜಿನಿಯರಿಗೆ ಲೋಕದಲ್ಲಿರುವುದು ಎರಡೇ: ಒಳಗೆ ಬಿಡಬೇಕಾದ ಸದ್ದು, ಹೊರಗೇ ತಡೆಯಬೇಕಾದ ಸದ್ದು. “ಸದ್ದನ್ನ ಎಲ್ಲಿ ಕತ್ತರಿಸ್ಬೇಕು ಅಂತ ಮೊದ್ಲು ಹೇಳಿ, ಆಮೇಲೆ ಮಾತಾಡೋಣ” ಎನ್ನುವುದೇ ಅವರ ನಮಸ್ಕಾರ. ಸದ್ದಿನ ಏರಿಳಿತ ತೋರಿಸುವ ಗ್ರಾಫಿನ ಗೆರೆ ಕೂದಲೆಳೆಯಷ್ಟು ಉಬ್ಬಿದರೂ ಹುಬ್ಬು ಗಂಟಿಕ್ಕುತ್ತದೆ. ಒಂದು ಕೆಪಾಸಿಟರ್ ಬದಲಿಸಲು ಮೂರು ದಿನ ಮೀನಮೇಷ ಎಣಿಸುತ್ತಾರೆ. ಬೇಡದ ಸದ್ದು ಮೆಲ್ಲಗೆ ಇಳಿದರೆ ಸಾಲದು, ಕೊಡ ಬಾವಿಗೆ ಬಿದ್ದಂತೆ ಬೀಳಬೇಕು. ಮ್ಯಾನೇಜರು ಬೈದರೆ ಕನ್ನಡಕ ಒರೆಸುತ್ತಾ ಕೂರುತ್ತಾರೆ; ಬೈಗುಳ ಅವರ ಫಿಲ್ಟರನ್ನು ದಾಟುವುದಿಲ್ಲವಂತೆ. ಅವರ ದನಿಯೋ ಬರೀ ಕೀರಲು. ಸಿಟ್ಟು ಬಂದರಂತೂ ಸಿಳ್ಳೆಯೇ. ಅದನ್ನು ಅಣಕಿಸಿ ಕಾರ್ಖಾನೆಯವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ. ಮೊನ್ನೆ ಅವರ ಪುಟ್ಟ ಮಗಳು ಊಟದ ಡಬ್ಬಿ ಹಿಡಿದು ಗೇಟಿಗೆ ಬಂದಾಗ, ಯಾರನ್ನೋ ಸಿಳ್ಳೆಯಲ್ಲೇ ಬೈಯುತ್ತಿದ್ದವರು ತಟ್ಟನೆ ತಿರುಗಿ, ಎದೆಯಾಳದಿಂದ ಗುಡುಗಿದಂತೆ “ಬಾ ಮಗಳೇ” ಎಂದರು. ನಗುತ್ತಿದ್ದವರು ಬೆಚ್ಚಿಬಿದ್ದರು. ಅವಳಿಗೆ ಹುಟ್ಟಿದಾಗಿನಿಂದ ದಪ್ಪ ಸದ್ದಷ್ಟೇ ಕೇಳಿಸುವುದು. ಕೀರಲು ದನಿ ಕಿವಿಗೇ ಬೀಳುವುದಿಲ್ಲ. ಅವಳು ಗೇಟಿನ ಕಾವಲುಗಾರನಿಗೆ ಹೆಮ್ಮೆಯಿಂದ ಹೇಳಿದಳು: “ಅಪ್ಪ ಇಲ್ಲಿ ಬರೀ ಬಾಯಿ ಆಡಿಸ್ತಾರೆ ಮಾಮ. ಮಾತೆಲ್ಲಾ ನಂಗೇ ಅಂತ ಇಟ್ಕೊಂಡಿದಾರೆ.”