ಮೇಕೆ ಸೇತುವೆ ದಾಟುವ ಮೊದಲು

ಪರೀಕ್ಷೆಯಿಂದ ಮಗುವನ್ನು ಅಳೆಯಲಾಗದು ಎಂದು ವಾದಿಸಿ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ನಾನು ಗೆದ್ದ ಕಪ್ ನಮ್ಮ ಮನೆಯ ಟಿ.ವಿ. ಪಕ್ಕದಲ್ಲಿ ಈಗಲೂ ಇದೆ. ಅಮ್ಮ ಅದರಲ್ಲಿ ಪಿನ್ನು, ರಬ್ಬರ್ ಬ್ಯಾಂಡು ಹಾಕಿಡುತ್ತಾಳೆ. ಕಳೆದ ವರ್ಷ ಒಂದು ಬೆಳಿಗ್ಗೆ ನಾನು ಅಂಥದೇ ಪರೀಕ್ಷೆಯ ಪರ ವಹಿಸಿ, ಅದೂ ಒಂದು ಮಗುವನ್ನು ಕೆಳಗಿಳಿಸಿ ಎಂದು, ಜಗಳ ಆಡಬೇಕಾಯಿತು.

ಹಾನುಬಾಳಿನಿಂದ ಮೇಲಕ್ಕೆ, ಜೀಪು ಏರುವ ದಾರಿಯ ಒಂದು ಸರ್ಕಾರಿ ಶಾಲೆಯಲ್ಲಿ ಆಗ ನಾನು ಅತಿಥಿ ಶಿಕ್ಷಕಿ. ಒಂದೇ ಕೋಣೆ, ಐದು ತರಗತಿ, ನಾನು ಮತ್ತು ಹೆಡ್ ಮೇಡಂ. ಮಕ್ಕಳ ಓದು, ಲೆಕ್ಕದ ಮಟ್ಟ ನೋಡಲು ಹೊರಗಿನವರೊಬ್ಬರು ಬರುವವರಿದ್ದರು. ಒಂದೊಂದೇ ಮಗುವನ್ನು ಕರೆದು ಹಾಳೆ ಕೊಡುತ್ತಾರೆ: ಅಕ್ಷರ, ಪದ, ಸಾಲು, ಕೊನೆಗೆ ಪುಟ್ಟ ಕಥೆ. ಎಲ್ಲಿ ನಿಂತರೋ ಅದೇ ಮಟ್ಟ. ಕೆಳಗಿನ ಮಟ್ಟದವರಿಗೆ ಊಟವಾದ ಮೇಲೆ ದಿನಾ ಒಂದು ಗಂಟೆ ನಾನು ಓದು ಕಲಿಸಬೇಕು. ಕಥೆ ಓದಿದವರಿಗೆ ಆ ಗಂಟೆ ಇಲ್ಲ. ಅವರು ಹೆಡ್ ಮೇಡಂ ಹತ್ತಿರ ಪಾಠ ಮುಂದುವರಿಸುತ್ತಾರೆ.

ಆ ಗಂಟೆ ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದದ್ದು ಐದನೇ ತರಗತಿಯ ಒಬ್ಬ ಹುಡುಗಿಗೆ. ಎಸ್ಟೇಟ್ ಲೈನಿನವಳು, ತೋಟದ ಕೂಲಿಯವರ ಸಾಲುಮನೆಯ ಮಗು. ಎಲ್ಲರೂ ಒಟ್ಟಿಗೆ ಓದುವಾಗ ಅವಳ ದನಿ ಅರ್ಧ ಉಸಿರು ಹಿಂದಿರುತ್ತಿತ್ತು; ಒಬ್ಬಳೇ ಓದು ಎಂದರೆ ತಕ್ಷಣ ಬಾಯಾರಿಕೆ ಎಂದು ನೀರಿಗೆ ಏಳುತ್ತಿದ್ದಳು. ಮುಂದಿನ ವರ್ಷ ಆರನೇ ತರಗತಿಗೆ ಹಾನುಬಾಳಿಗೆ ಇಳಿಯುವವಳು. ಅಲ್ಲಿ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಕ್ಷರ ಕೂಡಿಸಿಕೊಡುವವರು ಯಾರು?

ಬಂದವರು ಕುಂದೂರು ಕಡೆಯ ಮೇಷ್ಟ್ರು, ಮೃದು ಮನುಷ್ಯ. ಪರೀಕ್ಷೆಗೆಂದು ಜಗಲಿಯಲ್ಲಿ ಮೇಜು ಹಾಕಿದ್ದೆವು. ಅಷ್ಟರಲ್ಲಿ ಪಕ್ಕದ ತೋಟದಲ್ಲಿ ಕಳೆ ಕತ್ತರಿಸುವ ಮಿಷನ್ ಶುರುವಾಯಿತು.

"ಏನಮ್ಮ ಇದು, ನನ್ ದನಿ ನಂಗೇ ಕೇಳಾಕಿಲ್ವಲ್ಲ!" ಎಂದು ಅವರು ಮೇಜನ್ನು ಒಳಗೆ ತರಿಸಿ ಬಾಗಿಲು ಹಾಕಿಸಿದರು. ಅಲ್ಲಿಗೆ ನನ್ನ ಪ್ರಕಾರ ಪರೀಕ್ಷೆ ಕೆಟ್ಟಿತು. ಓದಿನ ಹಾಳೆ ಎಲ್ಲರಿಗೂ ಒಂದೇ; ಮೇಜಿನ ಹತ್ತಿರ ಒಬ್ಬ ಓದುತ್ತಾನೆ, ಕೋಣೆಯೆಲ್ಲ ಕೇಳುತ್ತದೆ.

ಅವಳ ಸರದಿ ಬಂತು. ನೇರ ಕಥೆಗೇ ಬೆರಳಿಟ್ಟಳು. ಕೊರಳಿಗೆ ಗಂಟೆ ಕಟ್ಟಿಸಿಕೊಂಡ ಮೇಕೆ ಸಂತೆಗೆ ಹೊರಟ ಕಥೆ. ಎಂಥಾ ಓದು ಅಂತೀರಿ! ಆದರೆ ಅವಳಿಗಿಂತ ಮೊದಲು ಓದಿದ ಹುಡುಗ ಮೂಗು ಒರೆಸಿಕೊಳ್ಳಲು ಎಲ್ಲಿ ನಿಂತಿದ್ದನೋ ಅವಳೂ ಅಲ್ಲೇ ನಿಂತಳು. ಬೆರಳು ಕೊನೆಯ ಸಾಲು ಮುಟ್ಟಿಯಾಗಿತ್ತು. ದನಿಯಲ್ಲಿ ಮೇಕೆ ಇನ್ನೂ ಸೇತುವೆ ದಾಟಿರಲಿಲ್ಲ.

"ಭೇಷ್!" ಎಂದರು ಮೇಷ್ಟ್ರು. ಅವಳು ಕೂತಿದ್ದ ಜಾಗಕ್ಕೆ ಹಾರಿಕೊಂಡೇ ಹೋದಳು.

"ಸರ್, ಅವಳು ಓದಿಲ್ಲ. ಕೇಳಿದ್ದನ್ನ ಹೇಳಿದಳು" ಎಂದೆ, ಮೇಜಿಗೆ ಬಗ್ಗಿ, ಮೆಲ್ಲಗೆ.

"ಲೆಕ್ಕ ನೋಡ್ರಮ್ಮ. ಒಬ್ಬೊಬ್ರಿಗೂ ಬೇರೆ ಬೇರೆ ಕೊಟ್ಟಿವ್ನಿ. ದಶಕ ತಗೊಂಡು ಸರ್ಯಾಗಿ ಕಳ್ದವ್ಳೆ. ಇಷ್ಟು ಚುರುಕಿರೋಳು ಓದಾಕಿಲ್ವಾ?"

"ಕಳೆಯೋದು ಬಂದ್ರೆ ಓದೋದು ಬಂತು ಅಂತ ಯಾರು ಹೇಳಿದ್ದು ಸರ್?"

ಹೆಡ್ ಮೇಡಂ ನನ್ನ ಮೊಣಕೈ ಹಿಡಿದು ಬಾಗಿಲ ಕಡೆಗೆ ಎಳೆದರು. "ಇಲ್ಲೂ ಡಿಬೇಟ್ ಶುರು ಮಾಡ್ದೇನೇ ತಾಯಿ? ಲೈನಿನ ಮಗು ಒಂದು ಮೇಲೆ ಬಂದ್ರೆ ನಿಂಗೇನು ಹೊಟ್ಟೆ ಉರಿ?"

"ಮೇಲೆ ಬಂದಿರೋದು ಹಾಳೇಲಿ ಮೇಡಂ. ಈ ಗಂಟೆ ತಪ್ಪಿದ್ರೆ ಅವಳು ಹಾನುಬಾಳಲ್ಲಿ ಬಸ್ಸಿನ ಬೋರ್ಡೂ ಓದಲ್ಲ."

"ಆ ಮಗೀನ ಮುಖ ನೋಡೇ. ಈಗ ಹೋಗಿ ಇಳಿ ಅಂತೀಯಾ?"

ನೋಡಿದೆ. ನೋಡಬಾರದಿತ್ತು. ಅವಳು ಪಕ್ಕದವಳಿಗೆ ಮೇಕೆಯ ಕಥೆಯನ್ನು ಮತ್ತೆ ಹೇಳುತ್ತಿದ್ದಳು, ಕೈ ತಿರುಗಿಸಿಕೊಂಡು. ಆದರೂ ನಾನು ಬಿಡಲಿಲ್ಲ. ಚಹಾದ ಹೊತ್ತಿಗೆ ಹೊರಗೆ ಮಿಷನ್ ನಿಂತಿತು. "ಸರ್, ಈಗ ಜಗಲಿ ಖಾಲಿ. ಅವಳಿಗೆ ಬೇರೆ ಕಥೆಯ ಹಾಳೆ ಕೊಡಿ. ಓದಿದರೆ ನಾನೇ ಸೋತೆ ಅಂತೀನಿ."

ಮೇಷ್ಟ್ರು ಉಸಿರುಬಿಟ್ಟು ಎದ್ದರು.

ಜಗಲಿಯಲ್ಲಿ ಅವಳ ಬೆರಳು ಮೊದಲ ಸಾಲಿನಿಂದ ಕದಲಲಿಲ್ಲ. ಕತ್ತು ತಿರುಗಿಸಿ ಕೋಣೆಯ ಕಡೆ ಕಿವಿ ಕೊಟ್ಟಳು. ಅಲ್ಲಿ ಯಾರೂ ಓದುತ್ತಿರಲಿಲ್ಲ. ಆಮೇಲೆ ನನ್ನನ್ನು ನೋಡಿದಳು. ಮೇಷ್ಟ್ರು ಬಿಡಿ ಅಕ್ಷರಗಳನ್ನು ತೋರಿಸಿದರು, ಕೆಲವು ಬಂದವು. ಅವಳ ಮಟ್ಟ ಬದಲಾಯಿತು. ನಾನು ಗೆದ್ದೆ.

ಮರುದಿನದ ಗಂಟೆಗೆ ಅವಳು ಬಂದಳು, ಸಾಲಿನ ತುದಿಯಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ನಾನು ಕರಿಹಲಗೆಯ ಮೇಲೆ ಮೇಕೆಯ ಕಥೆಯನ್ನೇ ದೊಡ್ಡದಾಗಿ ಬರೆದೆ. ಅವಳಿಗೆ ಬಾಯಿಪಾಠವಾದದ್ದು ಅದೊಂದೇ ತಾನೇ, ಅಲ್ಲಿಂದಲೇ ಹಿಡಿಯೋಣ ಎಂದು.

ಗೋಡೆಯ ಕಡೆಯಿಂದ ದನಿ ಬಂತು: "ಮಿಸ್, ನಿನ್ನೆ ಆ ಹುಡ್ಗ ಒಂದ್ಸಲ ಓದಿದ್ದ ಕೇಳಿ ನಾನು ಪೂರ್ತಿ ಹೇಳ್ಬುಟ್ಟೆ. ಹಂಗೆ ಹೇಳಾಕೆ ಅವ್ನಿಗೆ ಬತ್ತೈತಾ?"

"ಇಲ್ಲ."

"ನಿಮ್ಗೆ?"

"ನನಗೂ ಬರಲ್ಲ."

"ಮತ್ತೆ ಅದ್ಕ್ಯಾಕೆ ಪರೀಕ್ಷೆ ಇಲ್ಲ?"

"ಇರಬೇಕಿತ್ತು" ಎಂದೆ. "ಈಗ ಬಾ. ಕಥೆ ನೀನೇ ಹೇಳು. ನಾನು ನಿಲ್ಲಿಸಿದ ಕಡೆ ಆ ಪದ ಎಲ್ಲಿದೆ ತೋರಿಸು."

ಅವಳು ಎದ್ದು ಬಂದು, ನನ್ನ ಮುಖ ನೋಡದೆ, ಹಲಗೆಯ ಮೇಲೆ ಬೆರಳಿಟ್ಟು ಶುರು ಮಾಡಿದಳು. ದನಿ ಓಡಿತು. ಸೇತುವೆಯ ಹತ್ತಿರ ಅವಳ ಕೈ ಹಿಡಿದು ನಿಲ್ಲಿಸಿದೆ. "ಸೇತುವೆ ಎಲ್ಲಿ?"

ಬೆರಳು ಮುಂದೆ ಹೋಯಿತು, ಹಿಂದೆ ಬಂತು, ಒಂದು ಸಾಲು ಕೆಳಗಿಳಿಯಿತು. ಹೊರಗೆ ಕಳೆ ಮಿಷನ್ ಮತ್ತೆ ಶುರುವಾಯಿತು. ಅವಳು ಕಿವಿ ಮುಚ್ಚಿಕೊಳ್ಳಲಿಲ್ಲ, ಹುಡುಕುತ್ತಲೇ ಇದ್ದಳು.