ನಾನು ಕಂಡ ಹನ್ನೊಂದು ಸಾಲು

ಆಳಂದದಲ್ಲಿ ನಾವು ಆರು ಜನ ಸೇರಿ, ಇತಿಹಾಸಕ್ಕೂ ಶಾಸನಗಳಿಗೂ ಮೀಸಲಾದ ಒಂದು ಕನ್ನಡ ತ್ರೈಮಾಸಿಕವನ್ನು ಹೊರಡಿಸುತ್ತಿದ್ದೆವು. ಅಚ್ಚಾಗುತ್ತಿದ್ದುದು ಸೊಲ್ಲಾಪುರದಲ್ಲಿ. ಸಂಪಾದಕನನ್ನಾಗಿ ನನ್ನನ್ನು ಆರಿಸಿದ್ದು ನನ್ನ ಪಾಂಡಿತ್ಯಕ್ಕಲ್ಲ, ಕಾಲೇಜಿನ ಚರ್ಚಾಕೂಟದಲ್ಲಿ ಪಳಗಿದ ನಾಲಿಗೆಗೆ. ಮೊದಲ ಎರಡು ವರ್ಷ ಸದಸ್ಯರ ಅಳಿಯಂದಿರೂ ಬೀಗರೂ ಒಬ್ಬರಾದ ಮೇಲೊಬ್ಬರು ನಮ್ಮ ಪುಟಗಳಲ್ಲಿ ವಿದ್ವಾಂಸರಾಗಿ ಕಾಣಿಸಿಕೊಂಡರು. ಒಂದು ಸಂಚಿಕೆಯಲ್ಲಂತೂ ಒಬ್ಬರ ಲೇಖನವನ್ನು ಅವರ ಬೀಗರೇ ಪರಿಶೀಲಿಸಿ, ಅಪೂರ್ವವೆಂದು ಒಪ್ಪಿಗೆ ಬರೆದಿದ್ದರು.

ಅದನ್ನು ಸಹಿಸಲಾರದೆ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಒಂದು ತಾಸು ಮಾತಾಡಿದೆ. ಲೇಖಕನ ಹೆಸರು ಪರಿಶೀಲಕನಿಗೆ ತಿಳಿಯಕೂಡದು. ಕೈಬರಹದಿಂದ ಗುರುತು ಹತ್ತದಂತೆ ಸಂಪಾದಕನು ಪ್ರತಿ ಲೇಖನವನ್ನೂ ತನ್ನ ಕೈಯಿಂದ ನಕಲು ಮಾಡಿ ಕಳಿಸಬೇಕು. ಪರಿಶೀಲಕನು ತನ್ನ ಅಭಿಪ್ರಾಯದ ಕೆಳಗೆ, "ಬರೆದವರು ಯಾರೆಂದು ನಾನರಿಯೆ, ಅರಿಯಲು ಯತ್ನಿಸಿಯೂ ಇಲ್ಲ" ಎಂದು ಬರೆದು ಸಹಿ ಹಾಕಬೇಕು. ಮೂಲವನ್ನು ಮತ್ತೆ ನೋಡಿ ಖಾತ್ರಿ ಮಾಡಿಕೊಳ್ಳಲಾಗದ ಯಾವ ಶಾಸನಪಾಠವೂ ಅಚ್ಚಾಗಕೂಡದು. ಈ ನಿಯಮಗಳನ್ನು ಒಂದೊಂದು ಶಬ್ದ ತೂಗಿ ನಾನೇ ಬರೆದಿದ್ದೆ. ಸಭೆ ಒಪ್ಪಿತು. ಮೊದಲು ಚಪ್ಪಾಳೆ ತಟ್ಟಿದವರು ಜೇವರ್ಗಿಯ ವಕೀಲರು.

ವಕೀಲರು ನಮ್ಮೆಲ್ಲರಿಗಿಂತ ಹಿರಿಯರು. ಹಳಗನ್ನಡದಲ್ಲಿ ಅವರಷ್ಟು ಓದಿದವರು ನಮ್ಮ ಮೂರು ತಾಲ್ಲೂಕುಗಳಲ್ಲಿ ಇರಲಿಲ್ಲ. ಆ ಕಾಲಕ್ಕೆ ಕನ್ನಡ ಪತ್ರಿಕೆ ನಡೆಸಲು ಸರ್ಕಾರದ ಇಜಾಜತ್ತು ಬೇಕಿತ್ತು. ಆ ಅನುಮತಿಯ ಕಾಗದಕ್ಕೆ ವರ್ಷಕ್ಕೊಮ್ಮೆ ಪ್ರತಿಷ್ಠಿತರೊಬ್ಬರು ಹೊಣೆಯಾಗಿ ಸಹಿ ಹಾಕಬೇಕಿತ್ತು. ಹಾಕುತ್ತಿದ್ದವರು ಅವರೇ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಆಗ ಇದನ್ನು ಯಾರಿಗೂ ಹೇಳಬೇಕೆಂದು ನನಗೆ ಅನಿಸಿರಲಿಲ್ಲ.

ಎರಡನೆಯ ಮಹಾಯುದ್ಧ ನಡೆದಿತ್ತು, ಕಾಗದ ಸಿಗುತ್ತಿರಲಿಲ್ಲ. ಅಂಥ ದಿನಗಳಲ್ಲಿ ಅತನೂರಿನ ಕಡೆಯಿಂದ ಒಬ್ಬ ಮಾಸ್ತರರು ಬಂದರು. ಊರ ಹೊರಗಿನ ಕೇರಿಯ ಮಕ್ಕಳಿಗೆಂದು ತೆರೆದ ಶಾಲೆಯಲ್ಲಿ ಕಲಿಸುತ್ತಿದ್ದರು. ತಾವೂ ಅದೇ ಕೇರಿಯವರು. ಹಳೆಯ ಲಿಪಿಯನ್ನು ಗುರುವಿಲ್ಲದೆ, ಕಲ್ಲಿನ ಅಕ್ಷರಗಳ ಮೇಲೆ ಬೆರಳಾಡಿಸಿ ಆಡಿಸಿ ಕಲಿತಿದ್ದರು. ಹೊರಗಿನ ಕಟ್ಟೆಯ ಮೇಲೆ ಕೂತವರನ್ನು ಒಳಗೆ ಕರೆದು, ನನ್ನ ತಂಬಿಗೆಯಿಂದಲೇ ನೀರು ಕೊಟ್ಟೆ. ನನ್ನ ಪಾಲಿನ ಸುಧಾರಣೆ ಅಲ್ಲಿಗೆ ಮುಗಿಯಿತೆಂದು ಆ ದಿನ ನಾನು ನಿಜವಾಗಿ ನಂಬಿದ್ದೆ.

ಅವರು ತಂದದ್ದು ಒಂದು ಲೇಖನ ಮತ್ತು ಒಂದು ಪಡಿಯಚ್ಚು: ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಕುಂಚದಿಂದ ಬಡಿದು, ಮಸಿ ಸವರಿ ಎತ್ತಿದ ಅಚ್ಚು. ಅವರ ಶಾಲೆಗೆ ಹತ್ತಿರದ ಒಂದು ಹಳ್ಳಿಯ ಕೆರೆಯ ಕೆಳಗಿನ ಹೊಲದಲ್ಲಿ ಆ ಕಲ್ಲು ನಿಂತಿತ್ತು. ಹನ್ನೊಂದು ಸಾಲು. ಕೆರೆಯನ್ನು ಅಗೆದವರಿಗೂ ತೂಬಿನ ಕಲ್ಲು ಹೊತ್ತವರಿಗೂ, ಅವರ ಮಕ್ಕಳ ಮಕ್ಕಳಿಗೂ ಆ ಹೊಲವನ್ನು ಬಿಟ್ಟುಕೊಟ್ಟಿದೆ ಎಂದು ಅದರಲ್ಲಿತ್ತು.

"ಈಗ ಆ ಹೊಲಾ ಯಾರ ಕೈಯಾಗ ಅದ?" ಎಂದೆ.

"ದೊಡ್ಡ ಮನಿಯವರ ಕೈಯಾಗ್ರಿ. ಕೆರಿ ಅಗದವರ ಮಂದಿ ಅಲ್ಲೇ ಕೂಲಿ ಮಾಡಾಕತ್ತಾರ್ರಿ. ನಮ್ಮವ್ವನೂ ಅದಾ ಹೊಲದಾಗ ಕಳೆ ತಗೀತಾಳ. ನಿಮ್ಮ ಪುಸ್ತಕದಾಗ ಅಚ್ಚಾತಂದ್ರ, ಅಫಜಲಪುರದ ಕಚೇರಿಯೊಳಗ ಒಂದು ಅರ್ಜಿ ಹಾಕ್ತೇವ್ರಿ. ಕೇರಿಯವರ ಮಾತ ಯಾರೂ ಕೇಳಂಗಿಲ್ಲ. ಅಚ್ಚಾದ ಕಾಗದ ಆದ್ರ ಕೇಳ್ತಾರ."

ನಾನು ನನ್ನ ನಿಯಮವನ್ನು ವಿವರಿಸಿದೆ. "ನೋಡೋರ ಕೈಗೆ ಹೋಗೂಮುಂದ ನಿಮ್ಮ ಹೆಸರ ಇರಂಗಿಲ್ಲ ಮಾಸ್ತರ. ಹೆಸರಿಲ್ಲಂದ್ರ ಜಾತೀನೂ ಇಲ್ಲ. ಓದೋರ ಮುಂದ ಬರೇ ವಿದ್ಯಾ ಇರ್ತದ."

ಅವರು ನಕ್ಕರು. "ನನ್ನ ಹೆಸರ ಮುಚ್ಚತೀರಿ, ಛಲೋ ಆತು. ಕಲ್ಲಿನ ಊರ ಹೆಂಗ ಮುಚ್ಚತೀರಿ, ಸರ?"

ತಮಾಷೆಯೆಂದು ತಿಳಿದು ನಾನೂ ನಕ್ಕೆ.

ಮೂರು ದಿನ ಕೂತು ನಕಲು ಮಾಡಿದೆ. ಪಡಿಯಚ್ಚನ್ನು ಕಿಟಕಿಯ ಬೆಳಕಿಗೆ ಹಿಡಿದು, ಅವರ ಪಾಠವನ್ನು ಅಕ್ಷರ ಅಕ್ಷರ ಹೋಲಿಸಿದೆ. ಒಂದೆಡೆ ಅವರು ತಪ್ಪಿದ್ದಾರೆಂದು ಪೆನ್ಸಿಲಿನಿಂದ ತಿದ್ದಿದೆ. ಮರುದಿನ ಮತ್ತೆ ನೋಡಿದಾಗ ತಪ್ಪಿದ್ದು ನಾನೇ ಎಂದು ತಿಳಿದು ಅಳಿಸಿದೆ. ಲೇಖನವನ್ನು ಯಾರಿಗೆ ಕಳಿಸಬೇಕೆಂಬ ಪ್ರಶ್ನೆಯೇ ಏಳಲಿಲ್ಲ. ಅಂಥದ್ದನ್ನು ಓದಬಲ್ಲವರು ಜೇವರ್ಗಿಯ ವಕೀಲರು ಮಾತ್ರ. ಅವರು ಪಡಿಯಚ್ಚನ್ನೂ ಕೇಳಿದರು. ಕಳಿಸಿಕೊಟ್ಟೆ.

ಎರಡು ತಿಂಗಳಿಗೆ ನಕಲಿನ ಜೊತೆ ಅಭಿಪ್ರಾಯ ಬಂತು. ಪಾಠ ಸೊಗಸಾಗಿದೆ, ಆದರೆ ವಿಷಯದ ಗಾಂಭೀರ್ಯವನ್ನು ನೋಡಿದರೆ ಮೂಲ ಕಲ್ಲಿನಿಂದ ಎರಡನೆಯ ಪಡಿಯಚ್ಚನ್ನು ತೆಗೆಸಿ ಹೋಲಿಸುವುದು ಅವಶ್ಯ. ಕೆಳಗೆ ನನ್ನ ಪ್ರತಿಜ್ಞಾವಾಕ್ಯ, ದುಂಡನೆಯ ಅಕ್ಷರದಲ್ಲಿ, ಸಹಿಯೊಂದಿಗೆ. ಎಷ್ಟು ನಿಷ್ಪಕ್ಷಪಾತವಾದ ಮಾತೆಂದು ಮೆಚ್ಚಿ ಮಾಸ್ತರರಿಗೆ ಕಾಗದ ಬರೆದೆ.

ಅವರು ಉತ್ತರ ಬರೆಯಲಿಲ್ಲ, ಬಸ್ಸು ಹತ್ತಿ ತಾವೇ ಬಂದರು.

"ಕಲ್ಲಿಲ್ರಿ ಸರ."

"ಇಲ್ಲಂದ್ರ?"

"ಅಕ್ಷರೆಲ್ಲಾ ಉಳಿಲೆ ಹೊಡದು ನುಣ್ಣಗ ಮಾಡ್ಯಾರ. ಬಾವಿಯ ಮೆಟ್ಟಲಕ್ಕ ಹಾಸ್ಯಾರ. ಇಷ್ಟ ವರ್ಷ ನಮ್ಮ ಹೆಣ್ಮಕ್ಕಳು ಅದಕ್ಕ ಬೆನ್ನ ಹಚ್ಚಿ ಬುತ್ತಿ ಉಣ್ತಿದ್ರು, ಯಾರೂ ಅದನ್ನ ಮುಟ್ಟಿದ್ದಿಲ್ಲ. ನೀವು ಯಾರಿಗಿ ಕಳಸೀರಿ ಅಂತ ನಾ ಕೇಳಂಗಿಲ್ರಿ, ನಿಮ್ಮ ಕಾಯ್ದೆ ಅದ. ಆದ್ರ ಆ ದೊಡ್ಡ ಮನಿ ಅಳಿಯ ಜೇವರ್ಗಿಯೊಳಗ ವಕೀಲಿ ಮಾಡ್ತಾರ್ರಿ. ಅಷ್ಟ ಹೇಳಿ ಹೋಗಾಕ ಬಂದೀನಿ."

ನಾನು ಜೇವರ್ಗಿಗೆ ಹೋದೆ. ವಕೀಲರು ದಿವಾಣಖಾನೆಯಲ್ಲಿ ಅಡಕೆ ಕತ್ತರಿಸುತ್ತ ಕೂತಿದ್ದರು.

"ಬರ್ರಿ ಸಂಪಾದಕರ, ಬರ್ರಿ! ಇವತ್ತಿನ ಭಾಷಣ ಎಷ್ಟು ತಾಸಿಂದು?"

"ಆ ಹೊಲ ಯಾರದ್ರಿ?"

"ನಮ್ಮ ಮಾವನೋರ್ದು."

"ನೀವು ಹೇಳಲಿಲ್ಲ."

"ನೀವು ಕೇಳಲಿಲ್ಲ." ಅಡಕೊತ್ತನ್ನು ಕೆಳಗಿಟ್ಟರು. "ಬರದವರು ಯಾರಂತ ಗೊತ್ತಿಲ್ಲ, ಗೊತ್ತ ಮಾಡ್ಕೊಂಡಿಲ್ಲ ಅಂತ ಬರೀರಿ ಅಂದ್ರಿ. ಬರದೀನಿ. ಇವತ್ತಿಗೂ ನನಗ ಗೊತ್ತಿಲ್ಲ. ನಿಮ್ಮ ಕಾಯ್ದೆದಾಗ ಒಂದು ಅಕ್ಷರ ಮುರದೀನೇನು? ತೋರಸ್ರಿ."

ತೋರಿಸಲಾಗಲಿಲ್ಲ. ನಮ್ಮ ಕಡೆಯಲ್ಲಿ ಪಕ್ಷಪಾತವೆಂದರೆ ಮನುಷ್ಯರ ಮೇಲಿನದು: ಅಳಿಯ, ಬೀಗ, ಸ್ವಜಾತಿ. ಅದನ್ನೇ ಕಂಡು ಬೆಳೆದ ನಾನು ಅದಕ್ಕೆ ಮಾತ್ರ ಬೇಲಿ ಹಾಕಿದ್ದೆ. ಬರೆದವನಿಗೂ ನಿನಗೂ ಏನು ಸಂಬಂಧವೆಂದು ಕೇಳಿದ್ದೆ. ಬರೆದ ವಿಷಯಕ್ಕೂ ನಿನಗೂ ಏನು ಸಂಬಂಧವೆಂದು ಕೇಳಿರಲಿಲ್ಲ.

"ಪಡಿಯಚ್ಚಾದ್ರೂ ಕೊಡ್ರಿ."

"ಮಾವನೋರು ನೋಡ್ತೇನಿ ಅಂತ ಒಯ್ದರು. ಮನಿಯೊಳಗ ಎಲ್ಲೋ ಇರಬೇಕು, ಹುಡಕಸ್ತೇನಿ." ಆಮೇಲೆ ಎಲೆಗೆ ಸುಣ್ಣ ಸವರುತ್ತ, ದನಿ ಸ್ವಲ್ಪವೂ ಏರಿಸದೆ ಹೇಳಿದರು: "ಇಜಾಜತ್ತಿನ ಕಾಗದ ಬರೂ ತಿಂಗಳ ಮತ್ತ ಸಹಿಗೆ ಬರ್ತದಲ್ಲ? ಮರೀದ ಕಳಸ್ರಿ."

ಕಲ್ಲನ್ನು ಕೆಡಿಸಲು ಅವರೇ ಹೇಳಿದರೋ, ಪಡಿಯಚ್ಚನ್ನು ಕಂಡ ಮಾವನವರೇ ಮಾಡಿಸಿದರೋ, ನನಗೆ ಇಂದಿಗೂ ತಿಳಿಯದು. ಆ ಕಾಗದವನ್ನು ಆ ಮನೆಗೆ ತಲುಪಿಸಿದವನು ನಾನು, ಅಷ್ಟು ತಿಳಿದಿದೆ.

ಮುಂದಿನ ವಾರ ಮಾಸ್ತರರು ಮತ್ತೆ ಬಂದರು. ಮೂಲವಿಲ್ಲದ ಪಾಠವನ್ನು ಅಚ್ಚು ಮಾಡಲು ನಿಯಮ ಬಿಡುವುದಿಲ್ಲವೆಂದು ನಾನು ಹೇಳುವ ಮೊದಲೇ ಅವರು ಕೈ ಎತ್ತಿ ತಡೆದರು.

"ಅಚ್ಚು ಮಾಡಬ್ಯಾಡ್ರಿ. ನಾಕು ಸಾಲ ಬರದ ಕೊಡ್ರಿ, ಸಾಕು. ಪಡಿಯಚ್ಚು ನಾ ಕಣ್ಣಾರೆ ನೋಡೇನಿ, ಹನ್ನೊಂದು ಸಾಲ ಇದ್ದವು, ಅದರಾಗ ಹಿಂಗಿತ್ತು ಅಂತ. ನೀವು ಕಲತವರು, ಕಚೇರಿಯೊಳಗ ನಿಮ್ಮ ಸಹಿ ನಡೀತದ."

"ಸಂಪಾದಕ ಆದಾಂವ ಯಾರ ಕಡೀನೂ ನಿಲ್ಲಬಾರದು, ಮಾಸ್ತರ."

"ನಮ್ಮ ಕಡೆ ನಿಲ್ರಿ ಅನ್ನಲಿಲ್ರಿ. ನೋಡೀರೋ ಇಲ್ಲೋ?"

ಆಗ ನಾನು ಮಾತಾಡಿದೆ. ಸಂಪಾದಕನು ಸಾಕ್ಷಿಯಾದರೆ ಮುಂದೆ ಯಾವ ಪರಿಶೀಲಕನೂ ಅವನನ್ನು ನಂಬಲಾರನೆಂದೆ. ಒಂದು ಪ್ರಕರಣಕ್ಕಾಗಿ ತತ್ತ್ವವನ್ನು ಸಡಿಲಿಸಿದರೆ ನಾಳೆ ಬೀಗರೆಲ್ಲ ಮರಳಿ ಬರುತ್ತಾರೆಂದೆ. ಪತ್ರಿಕೆ ಉಳಿದರೆ ಇಂಥ ನೂರು ಕಲ್ಲುಗಳನ್ನು ಓದಿಸಬಹುದೆಂದೆ. ಎದುರುಪಕ್ಷದ ಆಕ್ಷೇಪಣೆಗಳನ್ನೆಲ್ಲ ನಾನೇ ಎತ್ತಿ ನಾನೇ ಉತ್ತರಿಸಿದೆ. ಕಾಲೇಜಿನಲ್ಲಿ ಅಷ್ಟು ಚೆನ್ನಾಗಿ ಎಂದೂ ವಾದಿಸಿರಲಿಲ್ಲ. ಇಜಾಜತ್ತಿನ ಕಾಗದ ಅದೇ ಮೇಜಿನ ಮೇಲೆ, ಜೇವರ್ಗಿಗೆ ಹೋಗಲು ಲಕೋಟೆಯಲ್ಲಿ ಸಿದ್ಧವಾಗಿತ್ತು. ಆ ಮಾತೊಂದನ್ನು ಎತ್ತಲಿಲ್ಲ.

ಮಾಸ್ತರರು ಕಡೆತನಕ ಕೇಳಿದರು. "ಭಾಷಣ ಛಲೋ ಮಾಡ್ತೀರಿ, ಸರ," ಎಂದರು. ತಮ್ಮ ಕೈಬರಹದ ಮೂಲ ಪ್ರತಿಯನ್ನು ಮಡಚಿ ಅಂಗಿಯ ಒಳಗಿಟ್ಟುಕೊಂಡರು. "ಹೆಸರಿಲ್ಲದ ನಕಲು ಅದ ಅಲ್ರಿ, ನೀವು ಬರದದ್ದು, ಅದು ನಿಮ್ಮ ಕಡೀನೇ ಇರ್ಲಿ." ನೀರು ಕೊಡಲು ತಂಬಿಗೆ ತಂದೆ. ಬಸ್ಸಿನ ಹೊತ್ತಾಯಿತೆಂದು ಕುಡಿಯದೆ ಹೋದರು.

ವಕೀಲರು ಸಹಿ ಹಾಕಿದರು, ಪತ್ರಿಕೆ ಹೊರಬಂತು. ಮುಂದಿನ ವಾರ್ಷಿಕ ಸಭೆಯಲ್ಲಿ ನಿಯಮಕ್ಕೆ ಒಂದು ತಿದ್ದುಪಡಿಯನ್ನು ಮಂಡಿಸಿದೆ: ಪರಿಶೀಲಕನು ಲೇಖನದ ವಿಷಯದಲ್ಲಿ ತನಗೋ ತನ್ನ ಮನೆಯವರಿಗೋ ಇರುವ ಹಿತವನ್ನೂ ಬರೆದು ತಿಳಿಸಬೇಕು. ಕಾರಣವನ್ನು ನಾನು ಹೇಳಲಿಲ್ಲ, ಯಾರೂ ಕೇಳಲಿಲ್ಲ. ಆಗಲೂ ಮೊದಲು ಚಪ್ಪಾಳೆ ತಟ್ಟಿದವರು ವಕೀಲರೇ. ಸಂಪಾದಕನ ಹಿತದ ಬಗ್ಗೆ ಆ ತಿದ್ದುಪಡಿಯಲ್ಲಿ ಒಂದು ಶಬ್ದವೂ ಇರಲಿಲ್ಲ. ಒಂದು ವರ್ಷದೊಳಗೆ ಕಾಗದ ಸಿಗದೆ ಪತ್ರಿಕೆ ನಿಂತುಹೋಯಿತು. ಆ ನೂರು ಕಲ್ಲುಗಳಲ್ಲಿ ಒಂದನ್ನೂ ಓದಿಸಲಿಲ್ಲ.

ಮಾಸ್ತರರು ಈಗಿಲ್ಲ. ಅವರ ಮನೆಯವರು ಇನ್ನೂ ಅದೇ ಊರಿನಲ್ಲಿದ್ದಾರೆ, ಆ ದೊಡ್ಡ ಮನೆಯೂ ಇದೆ. ಆದ್ದರಿಂದ ಅವರ ಹೆಸರನ್ನು ಇಲ್ಲಿಯೂ ಮುಚ್ಚಿಡಬೇಕಾಗಿದೆ. ಅವರು ಕೇಳಿದ ನಾಲ್ಕು ಸಾಲನ್ನು, ಕೇಳಿದವರಿಗೆ ಯಾವ ಉಪಯೋಗವೂ ಇಲ್ಲದ ಈ ಹೊತ್ತಿನಲ್ಲಿ, ಬರೆಯುತ್ತೇನೆ.

ಪಡಿಯಚ್ಚನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹನ್ನೊಂದು ಸಾಲುಗಳಿದ್ದವು, ಏಳನೆಯದರ ಕೊನೆಯಲ್ಲಿ ಕಲ್ಲು ಚಕ್ಕೆ ಎದ್ದಿತ್ತು. ಹೊಲವನ್ನು ಕೆರೆ ಅಗೆದವರ ಮಕ್ಕಳ ಮಕ್ಕಳಿಗೆ ಕೊಟ್ಟಿದೆ ಎಂದು ಅದರಲ್ಲಿತ್ತು. ಓದಿದವರು ಮಾಸ್ತರರು, ಸರಿಯಾಗಿ ಓದಿದ್ದರು.